ವ್ಯಾಪಾರದ ವೆಬ್‌ಸೈಟಿಗೆ ಯಾವ ಬಣ್ಣ?



ನಿಮ್ಮಲ್ಲಿ ಐವತ್ತು ದಾಟಿದವರಿಗೆ ಒಂದು ಸಂಗತಿ ನೆನಪಿರಬಹುದು. 1982ರಲ್ಲಿ ನಮ್ಮ ದೇಶದ ದೂರದರ್ಶನಕ್ಕೆ ಬಣ್ಣ ಬಂತು. ಆದರೆ ಬಣ್ಣದ ಟಿ.ವಿ. ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿತ್ತು? ಅಂಥವರಿಗಾಗಿ ಪೇಟೆಯಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಸಿಗುತ್ತಿತ್ತು. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಅದನ್ನು ಕಪ್ಪು ಬಿಳುಪಿನ ಪೆಟ್ಟಿಗೆಯ ಮುಂದೆ ಅಂಟಿಸಿದರೆ ಆಯಿತು, ಟಿ.ವಿ. ಬಣ್ಣದ್ದಾಗುತ್ತಿತ್ತು! ಗದ್ದೆ ಬಯಲಿನ ದೃಶ್ಯ ಬಂದಾಗ ಪರವಾಗಿಲ್ಲ, ಮೇಲೆ ಆಕಾಶ, ಕೆಳಗೆ ಹುಲ್ಲು. ವಾರ್ತೆ ಓದುವವರು ಬಂದರೆ ಮಾತ್ರ ತಲೆಗೂದಲು ನೀಲಿ, ಮೂಗು ಕಿತ್ತಳೆ, ಕೊರಳಿನಿಂದ ಕೆಳಗೆ ಹಸಿರು. ನಾವು ಮಕ್ಕಳು ನಗುತ್ತಿದ್ದೆವು, ಹಿರಿಯರು ಗದರುತ್ತಿದ್ದರು.

ವ್ಯಾಪಾರದ ವೆಬ್‌ಸೈಟಿಗೆ ಬಣ್ಣ ಆರಿಸುವ ವಿಚಾರ ಮಾತನಾಡಬೇಕೆಂದು ನನ್ನನ್ನು ಕೇಳಿದಾಗ ಮೊದಲು ಕಣ್ಣ ಮುಂದೆ ಬಂದದ್ದು ಆ ಹಾಳೆ. ಯಾಕೆಂದರೆ ಈಗಲೂ ಅಂಥದೊಂದು ಹಾಳೆಯ ಮಾರಾಟ ನಡೆದೇ ಇದೆ. 'ನೀಲಿ ಎಂದರೆ ನಂಬಿಕೆ, ಕೆಂಪು ಎಂದರೆ ಆತುರ, ಹಳದಿ ಎಂದರೆ ಸಂತೋಷ, ಹಸಿರು ಎಂದರೆ ಪ್ರಕೃತಿ' ಎಂಬ ಪಟ್ಟಿಯೊಂದನ್ನು ವರ್ಣ ಮನೋವಿಜ್ಞಾನವೆಂಬ ಹೆಸರಿನಲ್ಲಿ ಎಲ್ಲರ ಕೈಗೂ ಕೊಡುತ್ತಾರೆ. ಹಿಂದೆ ಇರುವ ಚಿತ್ರ ಯಾವುದು ಎಂದು ಯಾರೂ ಕೇಳುವುದಿಲ್ಲ. ಹಾಳೆ ಅಂಟಿಸಿದರೆ ಮುಗಿಯಿತು.

ನನ್ನ ಪರಿಚಯ ಎರಡು ಮಾತಿನಲ್ಲಿ ಹೇಳಬೇಕು. ನಾನು ಮನೋವಿಜ್ಞಾನ ಓದಿದವನಲ್ಲ. ಕುಂದಾಪುರದಲ್ಲಿ ಸುಮಾರು ಇಪ್ಪತ್ತು ವರ್ಷ ಅಂಗಡಿ ಬೋರ್ಡು, ಬಸ್ಸಿನ ಹೆಸರು, ದೋಣಿಯ ಹೆಸರು ಬರೆದು ಹೊಟ್ಟೆ ಹೊರೆದವನು. ಫ್ಲೆಕ್ಸ್ ಬಂದಿತು, ಒಂದು ರಾತ್ರಿಯಲ್ಲಿ ಅಚ್ಚಾಗಿ ಬರುವ ಬೋರ್ಡಿನ ಮುಂದೆ ನನ್ನ ಕುಂಚಕ್ಕೆ ಕೆಲಸ ಉಳಿಯಲಿಲ್ಲ. ಈಗ ಮಗಳು ಕಂಪ್ಯೂಟರಿನಲ್ಲಿ ವ್ಯಾಪಾರಸ್ಥರಿಗೆ ವೆಬ್‌ಸೈಟು ಮಾಡಿಕೊಡುತ್ತಾಳೆ. ಬಣ್ಣದ ಮಾತು ಬಂದಾಗ 'ಅಪ್ಪಯ್ಯಾ, ಇಲ್ಲಿ ಬನ್ನಿ' ಎಂದು ಕರೆಯುತ್ತಾಳೆ. ನನ್ನ ಅಧಿಕಾರ ಅಷ್ಟೇ.

ಬೋರ್ಡು ಬರೆಯುವ ಕಾಲದಲ್ಲಿ ನಾನು ಕಲಿತ ದೊಡ್ಡ ಪಾಠ ಒಂದು ತಪ್ಪಿನಿಂದ ಬಂದದ್ದು. ಅದು ನನ್ನದೇ ತಪ್ಪು. ಜವಳಿ ಅಂಗಡಿಯೊಂದಕ್ಕೆ ಕಡು ಹಸಿರು ಎನಾಮಲ್ ಬಳಿದು, ಅದರ ಮೇಲೆ ಕೆಂಪು ಅಕ್ಷರ ಬರೆದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದು ಹೊಡೆದು ಕಾಣುತ್ತಿತ್ತು. ನನಗೂ ಹೆಮ್ಮೆ. ಸಂಜೆ ಆರೂವರೆಗೆ ಯಜಮಾನರು ಬಸ್‌ಸ್ಟ್ಯಾಂಡಿನ ಕಡೆ ಕರೆದುಕೊಂಡು ಹೋಗಿ, 'ಈಗ ಓದಿ' ಎಂದರು. ಅಕ್ಷರ ಇರಲಿಲ್ಲ! ಹಸಿರಿನ ಮೇಲೆ ಕಪ್ಪು ಕಲೆಗಳಂತೆ ಏನೋ ಇತ್ತು. ಮದುವೆ ಜವಳಿಗೆ ಜನ ಬರುವ ಹೊತ್ತೇ ಅದು. ಬಣ್ಣ, ಕೂಲಿ ಎರಡನ್ನೂ ಕೈಯಿಂದ ಹಾಕಿ ಮತ್ತೆ ಬರೆದುಕೊಟ್ಟೆ.

ಅಕ್ಷರ ಎಲ್ಲಿಗೆ ಹೋಯಿತು ಎಂಬುದು ಬಹಳ ವರ್ಷದ ನಂತರ ತಿಳಿಯಿತು. ಬೆಳಕು ಇಳಿಯುತ್ತ ಬಂದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ. ನೀಲಿ ಹಸಿರುಗಳು ಇನ್ನೂ ಸ್ವಲ್ಪ ಹೊತ್ತು ಬೆಳಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗಮನಿಸಿ ಬರೆದಿಟ್ಟಿದ್ದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ. ಅದಲ್ಲದೆ ಆ ಕೆಂಪು, ಆ ಹಸಿರು ಬಣ್ಣದಲ್ಲಿ ಬೇರೆಯಾದರೂ ಹೊಳಪಿನಲ್ಲಿ ಹೆಚ್ಚು ಕಡಿಮೆ ಒಂದೇ. ಓದುವ ಕಣ್ಣಿಗೆ ಬೇಕಾದ್ದು ಬಣ್ಣದ ವ್ಯತ್ಯಾಸಕ್ಕಿಂತ ಹೊಳಪಿನ ವ್ಯತ್ಯಾಸ. ಟ್ಯಾಕ್ಸಿಯ ನಂಬರ್ ಪ್ಲೇಟು ಹಳದಿಯ ಮೇಲೆ ಕಪ್ಪು ಅಕ್ಷರದಲ್ಲಿ ಇರುತ್ತದೆ, ಗಮನಿಸಿದ್ದೀರಷ್ಟೆ? ಅದು ಮಬ್ಬಿನಲ್ಲೂ ಮಳೆಯಲ್ಲೂ ಕಾಣುತ್ತದೆ.

ಇನ್ನು ವರ್ಣ ಮನೋವಿಜ್ಞಾನ ಎಂಬುದು ಬರಿಯ ಸುಳ್ಳೇ ಎಂದು ಕೇಳಬಹುದು. ಹಾಗೇನಿಲ್ಲ. ಬಣ್ಣಕ್ಕೂ ಭಾವಕ್ಕೂ ನಂಟಿದೆ ಎಂಬುದನ್ನು ನಮ್ಮವರು ಎಂದೋ ಹೇಳಿದ್ದಾರೆ. ಭರತನ ನಾಟ್ಯಶಾಸ್ತ್ರದಲ್ಲಿ ರಸಕ್ಕೊಂದು ಬಣ್ಣವಿದೆ: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. ನೋಡಿ, ಇಲ್ಲಿ ನೀಲಿ ಎಂದರೆ ನಂಬಿಕೆಯಲ್ಲ, ಜುಗುಪ್ಸೆ! ಬ್ಯಾಂಕಿನವರು ಓದಿದರೆ ಗಾಬರಿಯಾದಾರು.

ಹೊಸ ಕಾಲದ ಸಂಶೋಧನೆಗಳೂ ಇವೆ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 30 ದೇಶಗಳ 4,598 ಮಂದಿಯನ್ನು 'ಈ ಬಣ್ಣದ ಹೆಸರು ಕೇಳಿದರೆ ಯಾವ ಭಾವ ಬರುತ್ತದೆ?' ಎಂದು ವಿಚಾರಿಸಿದರು. ಉತ್ತರಗಳಲ್ಲಿ ಎದ್ದು ಕಾಣುವಷ್ಟು ಹೋಲಿಕೆ ಇತ್ತು. ಅಕ್ಕಪಕ್ಕದ ದೇಶಗಳವರಲ್ಲಿ, ಹತ್ತಿರದ ಭಾಷೆಗಳವರಲ್ಲಿ ಹೋಲಿಕೆ ಇನ್ನೂ ಹೆಚ್ಚು. ಕೆಂಪಿಗೆ ಪ್ರೀತಿ ಎಂದವರೂ ಇದ್ದರು, ಸಿಟ್ಟು ಎಂದವರೂ ಇದ್ದರು. ಅಂದರೆ ಸಾಮಾನ್ಯವಾದದ್ದು ಸ್ವಲ್ಪ ಇದೆ, ಊರಿನದ್ದು ಸ್ವಲ್ಪ ಇದೆ. ಆದರೆ ಹೆಸರು ಕೇಳಿದಾಗ ಹೊಳೆಯುವ ಭಾವ ಬೇರೆ, ಅದೇ ಬಣ್ಣ ನೋಡಿ ಕಿಸೆಯಿಂದ ಹಣ ತೆಗೆಯುವುದು ಬೇರೆ. ಎರಡನೆಯದಕ್ಕೆ ಪುರಾವೆ ಬಹಳ ತೆಳು. ಈ ಕ್ಷೇತ್ರದ ಪ್ರಮುಖರಾದ ಎಲಿಯಟ್ ಮತ್ತು ಮೇಯರ್ ಅವರು 2014ರಲ್ಲಿ ಅದುವರೆಗಿನ ಕೆಲಸವನ್ನೆಲ್ಲ ಪರಿಶೀಲಿಸಿ, ಇದಿನ್ನೂ ಎಳೆಯ ಶಾಸ್ತ್ರ, ಇದರಿಂದ ನೇರ ಉಪದೇಶ ಮಾಡಲು ಅವಸರ ಬೇಡ ಎಂಬ ಅರ್ಥದ ಮಾತು ಬರೆದರು. ಉಪದೇಶ ಮಾಡುವವರು ಮಾತ್ರ ಅವಸರದಲ್ಲೇ ಇದ್ದಾರೆ.

ನಮ್ಮ ಊರಿನ ಕಣ್ಣಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನ ಬಣ್ಣ ನೋಡಲು ಕಲಿತದ್ದು ಯಕ್ಷಗಾನದ ರಂಗದಲ್ಲಿ. ಬಡಗುತಿಟ್ಟಿನ ಚೌಕುಳಿಯ ಕಸೆ ಸೀರೆ ಎಷ್ಟು ದೂರದಿಂದ ಕಂಡರೂ ಇದು ನಮ್ಮ ಕಡೆಯ ಮೇಳ ಎಂದು ಗೊತ್ತಾಗುತ್ತದೆ. ಹಿಂದಿನವರು ಮುಖಕ್ಕೆ ಬಳಸುತ್ತಿದ್ದ ಸಾಮಗ್ರಿಗಳು ನಾಲ್ಕಾರು ಮಾತ್ರ: ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು, ಸಫೇದಿನ ಬಿಳಿ. ದೊಂದಿಯ ಬೆಳಕು ತಾನೇ ಹಳದಿ. ಅದರಲ್ಲಿ ನೀಲಿ ಮಂಕಾಗುತ್ತದೆ, ಕೆಂಪು ಹಳದಿಗಳು ಎದ್ದು ನಿಲ್ಲುತ್ತವೆ. ಬೆಳಕು ಯಾವುದೋ ಬಣ್ಣ ಅದಕ್ಕೆ ತಕ್ಕದ್ದು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಯಕ್ಷಗಾನದ ಬಗ್ಗೆ ಪುಸ್ತಕ ಬರೆಯಲು ಕುಳಿತಾಗ ಹಾಡು ಕುಣಿತಗಳ ಜೊತೆಗೆ ವೇಷ ಬಣ್ಣಗಳನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಂಡರೆಂಬುದು ಸುಮ್ಮನೆ ಅಲ್ಲ.

ಇನ್ನೊಂದು ಸಂಗತಿ. ರಂಗದ ಮೇಲೆ ರಾಕ್ಷಸನ ಮುಖದ ಕೆಂಪು ಹೆದರಿಸುತ್ತದೆ. ಅದೇ ಕೆಂಪು ಕೊಲ್ಲೂರಿನ ಕುಂಕುಮದಲ್ಲಿ ಕೈಮುಗಿಸುತ್ತದೆ. ಅದೇ ಕೆಂಪು ಕೋಳಿ ಘೀ ರೋಸ್ಟಿನಲ್ಲಿ ಬಾಯಲ್ಲಿ ನೀರು ತರಿಸುತ್ತದೆ. ಒಂದೇ ಜನ, ಒಂದೇ ಬಣ್ಣ, ಮೂರು ಭಾವ. ಎಲ್ಲಿ ನೋಡಿದೆವು, ಯಾವುದರ ಮೇಲೆ ನೋಡಿದೆವು ಎಂಬುದೇ ಅರ್ಥ ಕೊಡುತ್ತದೆ. ಘೀ ರೋಸ್ಟಿನ ಆ ಕೆಂಪು ಬ್ಯಾಡಗಿ ಮೆಣಸಿನದ್ದು. ಆ ಮೆಣಸನ್ನು ಜನ ಕೊಳ್ಳುವುದೇ ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಅದರಿಂದ ತೆಗೆದ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿನವರೆಗೂ ಹೋಗುತ್ತದೆ.

ಗೇರುಬೀಜದ ವ್ಯಾಪಾರವಂತೂ ಬಣ್ಣದ ಮೇಲೆಯೇ ನಿಂತಿದೆ. ನಮ್ಮ ಸೀಮೆಯಲ್ಲಿ ಗೇರುಬೀಜದ ಕಾರ್ಖಾನೆಗಳು ಎಷ್ಟಿವೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. 'ಡಬ್ಲ್ಯೂ 320' ಎಂದರೆ ಬಿಳಿಯ ಇಡೀ ಬೀಜ, ಒಂದು ಪೌಂಡಿಗೆ 300ರಿಂದ 320 ತೂಗುವುದು. ಅಷ್ಟೇ ಗಾತ್ರದ ಬೀಜ ಹುರಿಯುವಾಗ ಸ್ವಲ್ಪ ಕಂದಿದರೆ ಬೇರೆ ದರ್ಜೆ, ಕಡಿಮೆ ಬೆಲೆ. ರುಚಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರುವುದಿಲ್ಲ. ಹಾಗಿರುವಾಗ ಗೇರುಬೀಜ ಮಾರುವವರೊಬ್ಬರು 'ನಂಬಿಕೆಯ ಬಣ್ಣ' ಎಂದು ತಮ್ಮ ವೆಬ್‌ಸೈಟಿನ ಪುಟಕ್ಕೆಲ್ಲ ಗಾಢ ನೀಲಿ ಬಳಿಸಿದರೆ ಏನಾದೀತು? ನೀಲಿಯ ನಡುವೆ ಇಟ್ಟ ದಂತದ ಬಣ್ಣದ ಬೀಜ ಹಳದಿಗೆ ತಿರುಗಿದಂತೆ ಕಾಣುತ್ತದೆ. ಒಂದು ಬಣ್ಣ ತನ್ನ ಪಕ್ಕದ್ದನ್ನು ತನ್ನ ವಿರೋಧಿ ಬಣ್ಣದ ಕಡೆಗೆ ತಳ್ಳುತ್ತದೆ. ಇದನ್ನು 1839ರಲ್ಲಿಯೇ ಫ್ರಾನ್ಸಿನ ಷೆವ್ರೊಲ್ ಎಂಬ ರಸಾಯನಶಾಸ್ತ್ರಜ್ಞ ವಿವರವಾಗಿ ಬರೆದ. ಅವನು ಗೊಬೆಲಿನ್ ಎಂಬಲ್ಲಿನ ಚಿತ್ರಗಂಬಳಿ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕ. ನೇಕಾರರು ಕಪ್ಪು ನೂಲು ಸರಿಯಿಲ್ಲ ಎಂದು ದೂರು ತಂದಾಗ ಪರೀಕ್ಷಿಸಿ ನೋಡಿದರೆ, ನೂಲು ಸರಿಯಿತ್ತು. ಪಕ್ಕದಲ್ಲಿದ್ದ ಬಣ್ಣ ಅದನ್ನು ಕೆಡಿಸಿತ್ತು. ಒಳ್ಳೆಯ ಬೀಜ ಇಟ್ಟುಕೊಂಡು ಹಳೆಯ ಬೀಜದಂತೆ ತೋರಿಸುವುದೆಂದರೆ ಇದೇ. ಗೇರುಬೀಜಕ್ಕೆ ಬೂದು, ಕಡು ಕಂದು, ಇಲ್ಲವೇ ಬರಿಯ ಬಿಳಿ ಸಾಕು.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಪ್ರಸಂಗಕ್ಕೆ ಬರುತ್ತೇನೆ.

ಕೋಟದ ಆಸುಪಾಸಿನ ಒಂದು ಹಳ್ಳಿಯಲ್ಲಿ ನಮಗೆ ಪರಿಚಯದ ಒಬ್ಬ ಹೆಂಗಸಿದ್ದಾರೆ. ಗಂಡ ತೀರಿಕೊಂಡ ಮೇಲೆ ನೆರೆಕರೆಯ ನಾಲ್ವರನ್ನು ಕೂಡಿಸಿಕೊಂಡು ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಸೊಸೈಟಿಯಲ್ಲಿ ಸಾಲ ತೆಗೆದಿದ್ದರು. ನಮ್ಮ ಕಡೆಯವರು ಮುಂಬಯಿ, ಬೆಂಗಳೂರುಗಳಲ್ಲಿ ಹೋಟೆಲು ಮಾಡಿಕೊಂಡು, ಕೊಲ್ಲಿ ದೇಶಗಳಲ್ಲಿ ದುಡಿಯುತ್ತ ಎಲ್ಲೆಲ್ಲೋ ಇದ್ದಾರಷ್ಟೆ. ಅವರೇ ಇವರ ಗಿರಾಕಿಗಳು. ಬೆಂಗಳೂರಿನಲ್ಲಿರುವ ಅಳಿಯ, ಅಂದರೆ ಅಣ್ಣನ ಮಗ, ಅಕ್ಕರೆಯಿಂದ ಒಂದು ವೆಬ್‌ಸೈಟು ಮಾಡಿಕೊಟ್ಟ. ಹಳದಿ ಎಂದರೆ ಸಂತೋಷ, ಹಲಸಿನ ತೊಳೆಯೂ ಹಳದಿ ಎಂದು ಲೆಕ್ಕ ಹಾಕಿ ಪುಟವೆಲ್ಲ ಎಳೆ ಹಳದಿ, 'ಕೊಳ್ಳಿ' ಎಂಬ ಗುಂಡಿ ಸ್ವಲ್ಪ ಗಾಢವಾದ ಹಳದಿ, ಅದರ ಮೇಲೆ ಬಿಳಿ ಅಕ್ಷರ. ನೋಡಲು ಚೆಂದವೇ ಇತ್ತು.

ಹಲಸಿನ ಹಪ್ಪಳ ಚೈತ್ರ ವೈಶಾಖದ ಬಿಸಿಲಿನ ಕೆಲಸ. ಮಳೆಗಾಲ ಹಿಡಿಯಿತೆಂದರೆ ಒಣಗಿಸಲಿಕ್ಕೂ ಇಲ್ಲ, ಕಾಪಾಡುವುದೂ ಕಷ್ಟ. ಆ ವರ್ಷ ಡಬ್ಬಗಳು ತುಂಬಿ ಕುಳಿತವು. ವೆಬ್‌ಸೈಟು ನೋಡುವವರು ಬರುತ್ತಿದ್ದರು, ಹಪ್ಪಳದ ಪುಟದವರೆಗೂ ಹೋಗುತ್ತಿದ್ದರು, ಅಲ್ಲಿಂದ ಹಿಂದಕ್ಕೆ ಹೋಗುತ್ತಿದ್ದರು. ಆಕೆಗೆ ಅದು ಒಂದೇ ರೀತಿಯಲ್ಲಿ ಅರ್ಥವಾಯಿತು: ನನ್ನ ಹಪ್ಪಳ ಜನಕ್ಕೆ ಬೇಡ. ಸಾಲದ ಕಂತು ತಪ್ಪಿತು. ನಾಲ್ವರಲ್ಲಿ ಇಬ್ಬರು ಗೇರುಬೀಜ ಕಾರ್ಖಾನೆಗೆ ಹೋಗುವ ಮಾತಾಡುತ್ತಿದ್ದರು. ಆಕೆ ನಮ್ಮ ಮನೆಗೆ ಬಂದಾಗ ಹೇಳಿದ್ದು ಬಣ್ಣದ ವಿಚಾರವಲ್ಲ. ವೆಬ್‌ಸೈಟು ಮುಚ್ಚಲು ಎಷ್ಟು ಖರ್ಚಾಗುತ್ತದೆ ಎಂದು ಕೇಳಲು ಬಂದಿದ್ದರು.

ನಾನು ಮಾಡಿದ್ದು ಬೋರ್ಡು ಬರೆಯುವವನ ಕೆಲಸ. ಜವಳಿ ಅಂಗಡಿಯ ಯಜಮಾನರು ನನ್ನನ್ನು ಸಂಜೆ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದಂತೆ, ನಾನು ಆಕೆಯ ಮೊಬೈಲನ್ನು ಮಧ್ಯಾಹ್ನ ಅಂಗಳಕ್ಕೆ ತಂದೆ. ಜೊತೆಗೆ ಬಂದಿದ್ದ ಅವರ ನಾದಿನಿ ಅರವತ್ತೈದು ದಾಟಿದವರು. ಅವರ ಕೈಗೆ ಕೊಟ್ಟು, 'ಎರಡು ಕಟ್ಟು ಹಪ್ಪಳ ತೆಗೆದುಕೊಳ್ಳಿ' ಎಂದೆ. ಅವರು ಹಿಂದೆ ಮುಂದೆ ತಿರುಗಿಸಿದರು, ಕಣ್ಣು ಕಿರಿದು ಮಾಡಿದರು, ಕೊನೆಗೆ ಹೇಳಿದರು: 'ಹ್ವಾಯ್, ಒತ್ತುದ್ ಎಲ್ಲಿಗ್ ಮಾರಾಯ್ರೆ?'

ಅಷ್ಟೇ ಆಗಿತ್ತು ರೋಗ. ಹಪ್ಪಳ ಬೇಡವೆಂದು ಯಾರೂ ಹೇಳಿರಲಿಲ್ಲ. ಒತ್ತುವ ಜಾಗ ಕಂಡಿರಲಿಲ್ಲ.

ಇದಕ್ಕೊಂದು ಅಳತೆಯಿದೆ, ಅದನ್ನು ನನಗೆ ಕಲಿಸಿದವಳು ಮಗಳು. ಅಕ್ಷರದ ಹೊಳಪಿಗೂ ಹಿನ್ನೆಲೆಯ ಹೊಳಪಿಗೂ ಇರುವ ಅಂತರವನ್ನು ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಬಿಳಿಯ ಮೇಲೆ ಕಪ್ಪು ಬರೆದರೆ 21, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಎರಡೂ ಒಂದೇ ಆದರೆ 1. ವೆಬ್‌ಸೈಟುಗಳ ಅಂತರರಾಷ್ಟ್ರೀಯ ಸೂತ್ರಗಳ ಪ್ರಕಾರ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ ಕನಿಷ್ಠ 3 ಇರಬೇಕು. ಬಿಳಿಯ ಮೇಲೆ ಅಚ್ಚ ಹಳದಿ ಬರೆದರೆ ಬರುವುದು 1.07. ಹಪ್ಪಳದ ಗುಂಡಿ 2ನ್ನೂ ಮುಟ್ಟಿರಲಿಲ್ಲ. ಕುತೂಹಲಕ್ಕೆ ನನ್ನ ಹಳೆಯ ಜವಳಿ ಬೋರ್ಡಿನ ಲೆಕ್ಕವನ್ನೂ ಹಾಕಿಸಿದೆ: ಕಂಪ್ಯೂಟರಿನ ಅಚ್ಚ ಕೆಂಪು, ಅದರ ಕಡು ಹಸಿರು ಸೇರಿದರೆ 1.28! ಲೆಕ್ಕ ಹಾಕುವ ಸಾಧನ ಪುಕ್ಕಟೆ ಸಿಗುತ್ತದೆ. ಎರಡು ಬಣ್ಣದ ಸಂಕೇತ ಕೊಟ್ಟರೆ ಉತ್ತರ ಕೊಡುತ್ತದೆ. ಆ ನಾದಿನಿಯಂಥವರಿಗೆ ಇದು ಇನ್ನೂ ಮುಖ್ಯ. ವಯಸ್ಸಾದಂತೆ ಕಣ್ಣಿನ ಮಸೂರವೇ ಹಳದಿಗಟ್ಟುತ್ತದೆ. ಎಳೆಯ ಹಳದಿ, ಬಿಳಿಗಳ ಭೇದ ಅಳಿಸುತ್ತ ಬರುತ್ತದೆ. ಊರಿನ ಹಪ್ಪಳಕ್ಕೆ ಹಾತೊರೆಯುವವರು ಇಪ್ಪತ್ತರ ಹುಡುಗರಲ್ಲ, ಮುಂಬಯಿಯ ಅಜ್ಜಂದಿರು.

ಮಗಳು ಪುಟದ ಹಿನ್ನೆಲೆಯನ್ನು ಕೆನೆಬಿಳಿಗೆ ತಂದಳು, ಅಕ್ಷರವನ್ನು ಕಡು ಕಂದು ಮಾಡಿದಳು. ಹಳದಿಯನ್ನು ತೆಗೆಯಲಿಲ್ಲ, ಮೇಲೊಂದು ಪಟ್ಟಿಯಾಗಿ ಉಳಿಸಿದಳು, ಅಳಿಯನಿಗೂ ಬೇಸರವಾಗಬಾರದಲ್ಲ. 'ಕೊಳ್ಳಿ' ಗುಂಡಿಗೆ ಮಾತ್ರ ಕಸೆ ಸೀರೆಯ ಕೆಂಪಿನ ಹತ್ತಿರದ ಒಂದು ಕಡು ಕೆಂಪು, ಅದರ ಮೇಲೆ ಬಿಳಿ ಅಕ್ಷರ. ಪುಟದಲ್ಲಿ ಬೇರೆಲ್ಲಿಯೂ ಆ ಕೆಂಪು ಬರಬಾರದೆಂದು ನಾನು ಹಟ ಹಿಡಿದೆ. ಮಳೆ ಜೋರು ಹಿಡಿಯುವ ಮೊದಲು ಡಬ್ಬಗಳು ಖಾಲಿಯಾದವು. ಇದೆಲ್ಲ ಬಣ್ಣದ ಮಹಿಮೆ ಎಂದು ನಾನು ಹೇಳಲಾರೆ. ಅದೇ ವಾರ ಅಂಚೆ ಖರ್ಚು ಎಷ್ಟೆಂಬುದನ್ನೂ ಮೊದಲ ಪುಟದಲ್ಲಿಯೇ ಸ್ಪಷ್ಟವಾಗಿ ಬರೆದೆವು. ಅದರ ಪಾಲೂ ಇದ್ದೀತು.

ಆ ಒಂದು ಕೆಂಪಿನ ಬಗ್ಗೆ ಹಟ ಹಿಡಿದದ್ದಕ್ಕೆ ಕಾರಣ ಹೇಳುತ್ತೇನೆ. 2011ರಲ್ಲಿ ಪರ್ಫಾರ್ಮಬಲ್ ಎಂಬ ಅಮೆರಿಕದ ಕಂಪನಿಯೊಂದು ತನ್ನ ಪುಟದ ಹಸಿರು ಗುಂಡಿಯನ್ನೂ ಕೆಂಪು ಗುಂಡಿಯನ್ನೂ ಹೋಲಿಸಿ ಪರೀಕ್ಷೆ ಮಾಡಿತು. ಕೆಂಪಿಗೆ ಶೇಕಡಾ 21ರಷ್ಟು ಹೆಚ್ಚು ಒತ್ತು ಬಿತ್ತು. ಆವತ್ತಿನಿಂದ 'ಗುಂಡಿ ಕೆಂಪಗಿರಬೇಕು' ಎಂಬುದು ಶಾಸ್ತ್ರವಾಗಿಬಿಟ್ಟಿತು. ಆದರೆ ಆ ಪುಟದ ಉಳಿದ ಅಲಂಕಾರವೆಲ್ಲ ಹಸಿರೇ ಆಗಿತ್ತು ಎಂಬುದನ್ನು ಹೇಳುವವರು ಕಡಿಮೆ. ಹಸಿರಿನ ನಡುವೆ ಹಸಿರು ಗುಂಡಿ ಮುಳುಗಿತ್ತು, ಕೆಂಪು ಎದ್ದು ಕಂಡಿತು. ಒಂದೇ ತೆರನಾದವುಗಳ ನಡುವೆ ಬೇರೆಯಾದದ್ದು ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ಹೆಡ್‌ವಿಗ್ ಫಾನ್ ರೆಸ್ಟೋರ್ಫ್ ಎಂಬ ಜರ್ಮನ್ ಮನೋವಿಜ್ಞಾನಿ 1933ರಲ್ಲಿಯೇ ತೋರಿಸಿದ್ದರು. ನಮಗೆ ಅದು ಗೊತ್ತಿಲ್ಲದ್ದೇ? ನಸುಕಿನವರೆಗೆ ಎಷ್ಟು ವೇಷ ಬಂದು ಹೋದರೂ ಮಗುವಿನ ನೆನಪಿನಲ್ಲಿ ಉಳಿಯುವುದು ತೆರೆಯ ಹಿಂದಿನಿಂದ ಅಬ್ಬರಿಸುತ್ತ ಬಂದ ಬಣ್ಣದ ವೇಷ ಒಂದೇ. ಎಲ್ಲ ವೇಷವೂ ಬಣ್ಣದ ವೇಷವಾದರೆ ಯಾರಿಗೂ ಹೆದರಿಕೆಯಾಗದು.

ದೊಡ್ಡ ಕಂಪನಿಗಳು ಮಾಡುತ್ತವೆಂದು ನಾವೂ ಪರೀಕ್ಷೆಗೆ ಇಳಿಯಬೇಕೆಂದಿಲ್ಲ. ಗೂಗಲ್‌ನವರು 41 ಬಗೆಯ ನೀಲಿಗಳನ್ನು ಒಂದರ ಪಕ್ಕ ಒಂದಿಟ್ಟು ಯಾವುದಕ್ಕೆ ಹೆಚ್ಚು ಒತ್ತು ಬೀಳುತ್ತದೆಂದು ನೋಡಿದರೆಂಬುದು 2009ರಲ್ಲಿ ಸುದ್ದಿಯಾಯಿತು. ಅವರಿಗೆ ದಿನಕ್ಕೆ ಕೋಟಿಗಟ್ಟಲೆ ಜನ ಬರುತ್ತಾರೆ, ಕೂದಲೆಳೆಯ ವ್ಯತ್ಯಾಸವೂ ಲೆಕ್ಕಕ್ಕೆ ಸಿಗುತ್ತದೆ. ದಿನಕ್ಕೆ ನಲವತ್ತು ಜನ ಬರುವ ನಮ್ಮ ಅಂಗಡಿಯಲ್ಲಿ ಇವತ್ತು ಹಸಿರಿಗೆ ಮೂರು, ನಾಳೆ ಕೆಂಪಿಗೆ ಐದು ಎಂದು ಎಣಿಸಿದರೆ ಅದು ಪರೀಕ್ಷೆಯಲ್ಲ, ಜೂಜು. ಐದು ಮಂದಿಯ ಕೈಗೆ ಮೊಬೈಲು ಕೊಟ್ಟು ಸುಮ್ಮನೆ ನೋಡುತ್ತ ನಿಂತರೆ ಹೆಚ್ಚು ತಿಳಿಯುತ್ತದೆ.

ಆ ಐವರಲ್ಲಿ ಸಾಧ್ಯವಾದರೆ ಬಣ್ಣಗುರುಡಿನವರೊಬ್ಬರು ಇರಲಿ. ಯುರೋಪಿನ ಗಂಡಸರಲ್ಲಿ ಸುಮಾರು ಹನ್ನೆರಡು ಮಂದಿಗೊಬ್ಬರಿಗೆ ಕೆಂಪು ಹಸಿರುಗಳ ಭೇದ ಸರಿಯಾಗಿ ತಿಳಿಯದು. ನಮ್ಮಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆ ಎನ್ನುತ್ತಾರೆ, ಆದರೂ ಇದೆ. ಫೇಸ್‌ಬುಕ್ ಯಾಕೆ ನೀಲಿ? ನಂಬಿಕೆಯ ಬಣ್ಣವೆಂದಲ್ಲ. ಅದನ್ನು ಮಾಡಿದ ಜುಕರ್‌ಬರ್ಗ್ ಅವರಿಗೆ ಕೆಂಪು ಹಸಿರು ಸರಿಯಾಗಿ ಕಾಣುವುದಿಲ್ಲ, ಚೆನ್ನಾಗಿ ಕಾಣುವುದು ನೀಲಿ ಎಂದು 2010ರಲ್ಲಿ ಅವರೇ ಹೇಳಿಕೊಂಡದ್ದಿದೆ. ಅದೇ ಕಾರಣಕ್ಕೆ ತಿಂಡಿ ಪೊಟ್ಟಣದ ಮೇಲಿನ ಗುರುತೂ ಬದಲಾಯಿತು. ಮೊದಲು ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಇತ್ತು. ಕೆಲವರಿಗೆ ಎರಡೂ ಒಂದೇ! 2020ರ ನಿಯಮಗಳಲ್ಲಿ ಕಂದು ಚುಕ್ಕೆಯ ಬದಲು ಕಂದು ತ್ರಿಕೋಣ ಬಂತು. ಬಣ್ಣ ಕಾಣದವರಿಗೆ ಆಕಾರ ಹೇಳುತ್ತದೆ. ನಿಮ್ಮ ಪುಟದಲ್ಲಿಯೂ 'ಕೆಂಪಿದ್ದರೆ ಮುಗಿದಿದೆ, ಹಸಿರಿದ್ದರೆ ಇದೆ' ಎಂದು ಬಿಟ್ಟುಬಿಡಬೇಡಿ. ಪಕ್ಕದಲ್ಲಿ ಒಂದು ಮಾತು ಬರೆಯಿರಿ.

ಈ ಹಸಿರು ಚುಕ್ಕೆಯಿಂದ ಹೋಟೆಲಿನವರಿಗೆ ಇನ್ನೊಂದು ಪಾಠವಿದೆ. ನಮ್ಮ ದೇಶದಲ್ಲಿ ಊಟದ ಪುಟ ಹಸಿರಾಗಿ ಕಂಡರೆ ಓದುವವರು ಸಸ್ಯಾಹಾರ ಎಂದೇ ತಿಳಿಯುತ್ತಾರೆ. ಉಡುಪಿ ಊಟಕ್ಕೆ ಅದು ಅನುಕೂಲ. ಬಂಗುಡೆ, ಅಂಜಲು, ಘೀ ರೋಸ್ಟು ಬಡಿಸುವವರು ತಾಜಾತನ ತೋರಿಸಲೆಂದು ಪುಟವೆಲ್ಲ ಎಲೆಹಸಿರು ಮಾಡಿದರೆ ಮೀನು ಬೇಕೆಂದು ಬಂದವನೂ ಹಿಂದೆ ಹೋದಾನು, ಮೀನು ಮುಟ್ಟದವನು ಬಂದು ಬೈದಾನು.

ಮರವಂತೆಯ ಕಡೆ ಹೋಂ ಸ್ಟೇ ನಡೆಸುವವರಿಗೆ ನಾನು ನೀಲಿ ಬೇಡ ಎನ್ನುತ್ತೇನೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ. ತೆಗೆದ ಫೋಟೊವೆಲ್ಲ ನೀಲಿಯೇ. ಅದರ ಸುತ್ತ ಮತ್ತೆ ನೀಲಿ ಕಟ್ಟಿದರೆ ಸಮುದ್ರ ಸಣ್ಣದಾಗುತ್ತದೆ. ಬಿಳಿ ಬಿಟ್ಟು, ಹೆಂಚಿನ ಕೆಂಪನ್ನು ಗುಂಡಿಗೆ ಕೊಡಿ. ಆ ಹೆಂಚಿನ ಕೆಂಪು ನಮ್ಮ ಮಣ್ಣಿನ ಕಬ್ಬಿಣದ್ದು, ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಕಾರ್ಖಾನೆ ಹಾಕಿದಂದಿನಿಂದ ಕರಾವಳಿಯ ಮನೆ ಎಂದರೆ ಕಣ್ಣಿಗೆ ಬರುವುದೇ ಅದು. ಕೊಲ್ಲೂರಿನಲ್ಲಿ ವಸತಿಗೃಹ ನಡೆಸುವವರ ಲೆಕ್ಕ ಬೇರೆ. ಅಲ್ಲಿಗೆ ಬರುವವರಲ್ಲಿ ಕೇರಳದವರು ಬಹಳ. ನಮ್ಮಲ್ಲಿ ಹಳಬರಿಗೆ ಬರಿಯ ಬಿಳಿ ಸೀರೆ ಎಂದರೆ ಮನಸ್ಸು ಕುಗ್ಗುತ್ತದೆ. ಅವರಿಗೆ ಕೆನೆಬಿಳಿಯ ಮೇಲೆ ಚಿನ್ನದ ಅಂಚು ಎಂದರೆ ಹಬ್ಬ. ಗಿರಾಕಿ ಯಾರೆಂಬುದನ್ನು ಕೇಳದೆ ಬಿಳಿ ಶುಭವೋ ಅಶುಭವೋ ಎಂದು ಹೇಳುವುದು ಹೇಗೆ?

ಇನ್ನೊಂದು ಮಾತನ್ನು ಮೆಲ್ಲಗೆ ಹೇಳಿ ಮುಂದೆ ಹೋಗುತ್ತೇನೆ. ಕರಾವಳಿಯಲ್ಲಿ ಕೆಲವು ಬಣ್ಣಗಳಿಗೆ ಪಕ್ಷದ, ಪಂಗಡದ ಅರ್ಥ ಅಂಟಿಕೊಂಡಿದೆ. ನೀವು ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಕೇಸರಿಯನ್ನೋ ಹಸಿರನ್ನೋ ಪುಟದ ತುಂಬ ಹಾಕಿದರೂ ಓದುವವರು ತಮ್ಮದೇ ಅರ್ಥ ಓದಿಕೊಳ್ಳುತ್ತಾರೆ. ಇದು ಯಾವ ವಿದೇಶಿ ಪಟ್ಟಿಯಲ್ಲೂ ಇರುವುದಿಲ್ಲ. ಪ್ರೈಮರಿ ಶಾಲೆಯ ಪೇಂಟಿನ ಪೆಟ್ಟಿಗೆಯಲ್ಲಿ ಈ ತಕರಾರು ಇರಲಿಲ್ಲ. ಆದರೆ ವ್ಯಾಪಾರ ಮಾಡುವವರು ಇರುವ ಊರಿನಲ್ಲಿಯೇ ಮಾಡಬೇಕಷ್ಟೆ.

ಪರದೆಯ ಬಣ್ಣಕ್ಕೂ ಡಬ್ಬಿಯ ಬಣ್ಣಕ್ಕೂ ಇರುವ ವ್ಯತ್ಯಾಸ ಹೇಳದಿದ್ದರೆ ಸೀರೆ ಮಾರುವವರು ನನ್ನನ್ನು ಕ್ಷಮಿಸಲಾರರು. ನಾವು ಕೆಂಪು ಪೇಂಟಿಗೆ ಹಸಿರು ಬೆರೆಸಿದರೆ ಕೆಸರಿನ ಬಣ್ಣ ಬರುತ್ತಿತ್ತು. ಪರದೆಯಲ್ಲಿ ಕೆಂಪು ಬೆಳಕಿಗೆ ಹಸಿರು ಬೆಳಕು ಸೇರಿದರೆ ಹಳದಿ! ಕೆಂಪು, ಹಸಿರು, ನೀಲಿ ಮೂರು ಬೆಳಕಿಗೂ 256 ಮೆಟ್ಟಿಲುಗಳು. ಎಲ್ಲ ಬೆರಕೆ ಸೇರಿ 1,67,77,216 ಬಣ್ಣ. ಆದರೆ ಗಿರಾಕಿಯ ಮೊಬೈಲಿನ ಪರದೆ ಎಷ್ಟು ಪ್ರಕಾಶದಲ್ಲಿದೆಯೋ ನಿಮಗೆ ಗೊತ್ತಿಲ್ಲ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತೆಗೆದ ನೇರಳೆ ಸೀರೆಯ ಫೋಟೊ ಅಲ್ಲಿ ನೀಲಿಯಾಗಿ ಕಂಡು, ಪಾರ್ಸೆಲು ಬಿಚ್ಚಿದ ಮೇಲೆ ಜಗಳವಾದ ಕತೆ ಬೇಕಾದಷ್ಟಿವೆ. ಬೆಳಗ್ಗೆ ಜಗಲಿಯ ನೆರಳಿನಲ್ಲಿ, ಪಕ್ಕದಲ್ಲೊಂದು ಬಿಳಿ ಕಾಗದ ಇಟ್ಟುಕೊಂಡು ಫೋಟೊ ತೆಗೆಯಿರಿ. ಕಾಗದ ಬಿಳಿಯಾಗಿ ಬಂದಿದ್ದರೆ ಸೀರೆಯೂ ಸರಿಯಾಗಿ ಬಂದಿರುತ್ತದೆ.

ಎಷ್ಟು ಬಣ್ಣ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಹಿನ್ನೆಲೆಗೊಂದು, ಅಕ್ಷರಕ್ಕೊಂದು, ಗುಂಡಿಗೊಂದು. ನಾಲ್ಕನೆಯದು ಬೇಕೆನಿಸಿದರೆ ಎರಡು ದಿನ ಬಿಟ್ಟು ನೋಡಿ, ಬೇಡವೆನಿಸುತ್ತದೆ. ಆ ಮೂರನ್ನೇ ಬಿಲ್ಲಿನಲ್ಲಿ, ಪೊಟ್ಟಣದ ಚೀಟಿಯಲ್ಲಿ, ಅಂಗಡಿಯ ಬಾಗಿಲಿನಲ್ಲಿ ಬಳಸಿ. ವರ್ಷಗಟ್ಟಲೆ ಬದಲಾಯಿಸಬೇಡಿ. ಬಸ್ಸಿನ ಹೆಸರು ಓದುವ ಮೊದಲೇ ದೂರದಿಂದ ಬಣ್ಣ ನೋಡಿ 'ನಮ್ಮ ಬಸ್ಸು ಬಂತು' ಎಂದು ಏಳುತ್ತೇವಲ್ಲ, ಆ ಬಣ್ಣಕ್ಕೆ ಆ ಶಕ್ತಿ ಬಂದದ್ದು ಯಾವ ಮನೋವಿಜ್ಞಾನದಿಂದಲೂ ಅಲ್ಲ, ಅದೇ ಬಸ್ಸು ಅದೇ ಹೊತ್ತಿಗೆ ದಿನವೂ ಬಂದದ್ದರಿಂದ.

ಹಪ್ಪಳದ ಆಕೆ ಮೊನ್ನೆ ಮತ್ತೆ ಫೋನು ಮಾಡಿದ್ದರು. ಈ ಸಲ ಉಪ್ಪಿನಕಾಯಿಯ ಬಾಟಲಿಗೆ ಹೊಸ ಚೀಟಿ ಅಚ್ಚು ಹಾಕಿಸುತ್ತಾರಂತೆ. ಸೊಸೆಗೆ ಎಳೆಯ ಗುಲಾಬಿ ಇಷ್ಟ, ಅಕ್ಷರ ಬೆಳ್ಳಿಯ ಬಣ್ಣದಲ್ಲಿ ಬರಲಿ ಎನ್ನುತ್ತಾಳೆ, ಆಗಬಹುದೇ ಎಂದು ಕೇಳಿದರು. ಒಂದು ಮಾದರಿ ತೆಗೆಸಿ ಬಾಟಲಿಗೆ ಅಂಟಿಸಿ, ಅಡುಗೆಮನೆಯ ಅಟ್ಟದ ಮೇಲಿಟ್ಟು, ನಾದಿನಿಯವರನ್ನು ಕರೆದು ಓದಿಸಿ ಎಂದೆ. ನಾದಿನಿಯವರಿಗೆ ಈಗ ಕಣ್ಣಿನ ಪೊರೆಯ ಆಪರೇಶನ್ ಆಗಿ ಎಲ್ಲವೂ ಚೆನ್ನಾಗಿ ಕಾಣುತ್ತದಂತೆ. ಹಾಗಾದರೆ ಇನ್ನು ಬೇರೆ ಯಾರನ್ನಾದರೂ ಹುಡುಕಬೇಕು.